ಇನ್ನೆಷ್ಟು ಮೈಲಿ? ಜೆಟ್ ವಿಮಾನ ಕೆಳಗಿಳಿಸುವ ಲೆಕ್ಕ, ಎಟಿಸಿ ಜೊತೆಗಿನ ಮಾತು

ಲ್ಯಾಂಡಿಂಗ್ ಕೆಟ್ಟಿತು ಎಂದು ಬೇಸರ ಮಾಡಿಕೊಂಡಿರುವ ಹೊಸಬರನ್ನು ಕೇಳಿ ನೋಡಿ. ರನ್‌ವೇ ಹತ್ತಿರ ಬಂದಾಗ ವೇಗ ಜಾಸ್ತಿ ಇತ್ತು, ಎತ್ತರವೂ ಜಾಸ್ತಿ ಇತ್ತು, ಫ್ಲ್ಯಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂದೆ ಇಳಿಸುವ ಹಲಗೆ) ಇಳಿಸೋಕೆ ಪುರುಸೊತ್ತೇ ಸಿಗಲಿಲ್ಲ ಅನ್ನುತ್ತಾರೆ. ಆದರೆ ಲೆಕ್ಕ ತಪ್ಪಿದ್ದು ರನ್‌ವೇ ಹತ್ತಿರ ಅಲ್ಲ. ಅದು ನೂರು ಮೈಲಿ ಹಿಂದೆ, ಇನ್ನೂ 36,000 ಅಡಿಯಲ್ಲಿ ಆರಾಮಾಗಿ ಹಾರುತ್ತಿದ್ದಾಗಲೇ ತಪ್ಪಿರುತ್ತದೆ.

ಮನೆಯಲ್ಲಿ ಸಿಮ್ಯುಲೇಟರ್ ಹಾರಿಸುವವರಿಗೆ, ಪೈಲಟ್ ತರಬೇತಿಗೆ ಕಾಲಿಡುತ್ತಿರುವವರಿಗೆ, ಕಿಟಕಿ ಪಕ್ಕ ಕೂತು 'ಈಗ ಯಾಕೆ ಹೀಗೆ ತಿರುಗಿಸಿದರು' ಎಂದು ಯೋಚಿಸುವವರಿಗೆ ಈ ಬರಹ. ಇಲ್ಲಿರುವ ಅಂಕಿಗಳು ಎ320, 737 ಗಾತ್ರದ ವಿಮಾನಗಳಿಗೆ ಹೊಂದುವ ಅಂದಾಜುಗಳು. ನಿಜವಾದ ಕಾಕ್‌ಪಿಟ್‌ನಲ್ಲಿ ಆ ವಿಮಾನದ ಮತ್ತು ಆ ಕಂಪನಿಯ ಕೈಪಿಡಿ ಹೇಳಿದ್ದೇ ಅಂತಿಮ. ಮೈಲಿ ಅಂದಾಗಲೆಲ್ಲ ನಾಟಿಕಲ್ ಮೈಲಿ ಎಂದೇ ಓದಿಕೊಳ್ಳಿ. ಅದು 1.852 ಕಿಲೋಮೀಟರ್. ಗಂಟೆಗೆ ಅಂಥ ಒಂದು ಮೈಲಿ ಹೋದರೆ ವೇಗ ಒಂದು ನಾಟ್.

ಇಳಿಯುವಾಗ ಮೂರು ಸಂಗತಿಗಳ ಮೇಲೆ ಕಣ್ಣಿರಬೇಕು: ಎತ್ತರ, ವೇಗ, ಉಳಿದ ಮೈಲಿ. ಮೊದಲ ಎರಡು ಬಹುಮಟ್ಟಿಗೆ ನಿಮ್ಮ ಕೈಯಲ್ಲಿವೆ. ಮೂರನೆಯದು ಕಂಟ್ರೋಲರ್ ಕೈಯಲ್ಲಿದೆ, ಅಂದರೆ ನೆಲದಿಂದ ರೇಡಿಯೊದಲ್ಲಿ ದಾರಿ ಹೇಳುವ ಎಟಿಸಿಯವರ (ವಾಯು ಸಂಚಾರ ನಿಯಂತ್ರಣದವರ) ಕೈಯಲ್ಲಿ. ಅವರು ಒಂದು ತಿರುವು ಕೊಟ್ಟರೆ ಹತ್ತು ಮೈಲಿ ಕಡಿಮೆಯಾಗಬಹುದು, ಇನ್ನೊಂದು ಕೊಟ್ಟರೆ ಹದಿನೈದು ಸೇರಬಹುದು. ಹಾಗಾಗಿ 'ಇನ್ನೆಷ್ಟು ಮೈಲಿ?' ಎಂಬ ಪ್ರಶ್ನೆ ತಲೆಯಲ್ಲಿ ಯಾವಾಗಲೂ ಓಡುತ್ತಿರಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

1. ಇಳಿಯುವ ಮುಂಚೆ ಮುಗಿಸಬೇಕಾದ ಕೆಲಸ

ರನ್‌ವೇಗೆ ಇನ್ನೂ 150ರಿಂದ 200 ಮೈಲಿ ಇರುವಾಗ ಎಟಿಸ್ ತೆಗೆದುಕೊಳ್ಳಿ. ಅದು ವಿಮಾನ ನಿಲ್ದಾಣದ ರೆಕಾರ್ಡ್ ಮಾಡಿದ ಪ್ರಸಾರ. ಯಾವ ರನ್‌ವೇ, ಯಾವ ಅಪ್ರೋಚ್ (ರನ್‌ವೇಗೆ ಬಂದು ಇಳಿಯುವ ಕೊನೆಯ ಹಂತದ ವಿಧಾನ), ಗಾಳಿ ಎಷ್ಟು, ಒತ್ತಡ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಪ್ರತಿ ಹೊಸ ಪ್ರಸಾರಕ್ಕೂ ಒಂದು ಅಕ್ಷರದ ಹೆಸರಿರುತ್ತದೆ: ಆಲ್ಫಾ, ಬ್ರಾವೊ, ಚಾರ್ಲಿ ಹೀಗೆ. ಅಪ್ರೋಚ್ ಕಂಟ್ರೋಲರ್ ಜೊತೆ ಮೊದಲ ಸಲ ಮಾತಾಡುವಾಗ ಆ ಅಕ್ಷರ ಹೇಳಿದರೆ ಅವರು ಅದನ್ನೆಲ್ಲ ಮತ್ತೆ ಓದಬೇಕಾಗಿಲ್ಲ.

ಆಮೇಲೆ ಬ್ರೀಫಿಂಗ್. ಯಾವ ದಾರಿಯಲ್ಲಿ ಬರುತ್ತೇವೆ, ಎಲ್ಲೆಲ್ಲಿ ಎತ್ತರದ ಕಟ್ಟುಪಾಡು ಇದೆ, ರನ್‌ವೇ ಕಾಣದಿದ್ದರೆ ಯಾವ ಎತ್ತರದಲ್ಲಿ ಬಿಟ್ಟು ಮೇಲೇರಬೇಕು, ಮೇಲೇರಿದ ಮೇಲೆ ಎತ್ತ ತಿರುಗಬೇಕು ಎಂದು ಇಬ್ಬರೂ ಪೈಲಟ್‌ಗಳು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಮೇಲೆ ಕೆಲಸ ಕಡಿಮೆ, ಕೆಳಗೆ ಜಾಸ್ತಿ. 10,000 ಅಡಿಗಿಂತ ಕೆಳಗೆ ಹಾರಾಟಕ್ಕೆ ಬೇಡದ ಮಾತು ಆಡುವಂತಿಲ್ಲ ಎಂಬ ನಿಯಮ ಇರುವುದು ಸುಮ್ನೆ ಅಲ್ಲ.

2. ಎಲ್ಲಿಂದ ಇಳಿಯಲು ಶುರು ಮಾಡಬೇಕು?

ಮೂರರ ಲೆಕ್ಕ ಎಲ್ಲ ಪೈಲಟ್‌ಗಳಿಗೂ ಬಾಯಿಪಾಠ. ಇಳಿಯಬೇಕಾದ ಪ್ರತಿ ಸಾವಿರ ಅಡಿಗೆ ಮೂರು ಮೈಲಿ ಬೇಕು. ಇದು ಸುಮಾರು 3 ಡಿಗ್ರಿ ಇಳಿಜಾರು. ಮೈಲಿಗೆ ಕರಾರುವಾಕ್ಕಾಗಿ 318 ಅಡಿ ಆಗುತ್ತದೆ, ಮನಸ್ಸಿನಲ್ಲಿ ಲೆಕ್ಕ ಹಾಕಲು 300 ಸಾಕು.

ಒಂದು ಉದಾಹರಣೆ ನೋಡೋಣ. ನೀವು 36,000 ಅಡಿಯಲ್ಲಿದ್ದೀರಿ. ರನ್‌ವೇ ಸಮುದ್ರ ಮಟ್ಟದಲ್ಲಿದೆ. ರನ್‌ವೇಗೆ 10 ಮೈಲಿ ಇರುವಾಗ 3,000 ಅಡಿಯಲ್ಲಿ, 190 ನಾಟ್ ವೇಗದಲ್ಲಿ ಇರಬೇಕು ಎಂಬುದು ಗುರಿ. ಇಳಿಯಬೇಕಾದದ್ದು 33,000 ಅಡಿ. ಮೂರರಿಂದ ಗುಣಿಸಿದರೆ 99 ಮೈಲಿ. ಇಷ್ಟಕ್ಕೇ ಮುಗಿಯಲಿಲ್ಲ. ಇಳಿಯುವಾಗಿನ 290 ನಾಟ್‌ನಿಂದ 190ಕ್ಕೆ ವೇಗ ತಗ್ಗಿಸಲೂ ಜಾಗ ಬೇಕು. 10 ನಾಟ್‌ಗೆ ಒಂದು ಮೈಲಿ ಎಂದು ಹಿಡಿದರೆ ಇನ್ನೊಂದು 10. ಬೆನ್ನ ಹಿಂದಿನ ಗಾಳಿ 30 ನಾಟ್ ಇದ್ದರೆ ಅದು ನಿಮ್ಮನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ, ಅದಕ್ಕೊಂದು 5 ಮೈಲಿ ಇಡಿ. ಒಟ್ಟು 114. ಗುರಿಯ ಜಾಗದಿಂದ ರನ್‌ವೇವರೆಗಿನ 10 ಸೇರಿಸಿ: 124 ಮೈಲಿ ಇರುವಾಗ ಇಳಿಯಲು ಶುರು ಮಾಡಬೇಕು.

ಎದುರು ಗಾಳಿ ಇದ್ದರೆ ಕೆಲವು ಮೈಲಿ ಕಳೆಯಿರಿ. ವಿಮಾನ ನಿಲ್ದಾಣವೇ 3,000 ಅಡಿ ಎತ್ತರದಲ್ಲಿದ್ದರೆ ಆ ಎತ್ತರವನ್ನು ಲೆಕ್ಕದಿಂದ ಬಿಡಿ. ಇದನ್ನು ಮರೆಯುವವರು ತುಂಬಾ ಜನ.

ವಿಮಾನದ ಕಂಪ್ಯೂಟರ್ ಈ ಜಾಗವನ್ನು ತಾನೇ ತೋರಿಸುತ್ತದೆ, ನಿಜ. ಆದರೆ ಕಂಪ್ಯೂಟರ್ ನಂಬುವುದು ನೀವು ಅದಕ್ಕೆ ಹಾಕಿಕೊಟ್ಟ ದಾರಿಯನ್ನು. ಕಂಟ್ರೋಲರ್ ಆ ದಾರಿ ಬಿಡಿಸಿದ ಕ್ಷಣದಿಂದ ಅದರ ಲೆಕ್ಕಕ್ಕೆ ಬೆಲೆ ಇಲ್ಲ. ಕೈಲೆಕ್ಕ ಬೇಕಾಗುವುದು ಆಗಲೇ.

ಇಳಿಯುವ ದರಕ್ಕೂ ಒಂದು ಸುಲಭ ಸೂತ್ರ ಇದೆ. ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿ. 450 ನಾಟ್ ಇದ್ದರೆ ನಿಮಿಷಕ್ಕೆ 2,250 ಅಡಿ ಇಳಿಯಬೇಕು. ಕೊನೆಯಲ್ಲಿ 140 ನಾಟ್ ಇದ್ದಾಗ 700 ಅಡಿ. ಎರಡೂ ಒಂದೇ 3 ಡಿಗ್ರಿ ಇಳಿಜಾರು, ಬದಲಾದದ್ದು ವೇಗ ಮಾತ್ರ.

3. ಅನುಮತಿ ಕೇಳುವುದು, ಸಿಗದಿದ್ದರೆ ಏನು ಮಾಡುವುದು

ಲೆಕ್ಕ 124 ಎಂದರೆ 140ರ ಸುಮಾರಿಗೇ ಬಾಯಿಬಿಡಿ. ಕೆಳಗೆ ಬೇರೆ ವಿಮಾನ ಇರಬಹುದು, ಕಂಟ್ರೋಲರ್ ಪಕ್ಕದ ವಲಯದವರನ್ನು ಕೇಳಬೇಕಾಗಬಹುದು. ಉತ್ತರ ಎರಡು ಬಗೆಯಲ್ಲಿ ಬರುತ್ತದೆ. 'ಡಿಸೆಂಡ್ ವೆನ್ ರೆಡಿ' ಅಂದರೆ ನಿಮ್ಮ ಲೆಕ್ಕದ ಜಾಗದಿಂದ ಇಳಿಯಿರಿ. ಬರೀ 'ಡಿಸೆಂಡ್' ಅಂದರೆ ಈಗಲೇ.

ಬೇಗ ಇಳಿಸಿದರೆ ತೊಂದರೆ ಇಲ್ಲ, ಸ್ವಲ್ಪ ಇಂಧನ ಜಾಸ್ತಿ ಹೋಗುತ್ತದೆ ಅಷ್ಟೆ. ನಿಮಿಷಕ್ಕೆ 1,000 ಅಡಿಯಂತೆ ನಿಧಾನವಾಗಿ ಇಳಿಯುತ್ತಾ ಇರಿ, ನಿಮ್ಮ ಇಳಿಜಾರು ಸಿಕ್ಕ ಮೇಲೆ ಥ್ರಸ್ಟ್ (ಎಂಜಿನ್‌ನ ತಳ್ಳುವ ಬಲ) ಐಡಲ್‌ಗೆ, ಅಂದರೆ ತೀರಾ ಕಡಿಮೆಗೆ ತನ್ನಿ.

ಕಷ್ಟ ಇರುವುದು ತಡವಾದಾಗ. ಮೇಲೆಯೇ ಹಿಡಿದಿಟ್ಟರು ಎನ್ನಿ. ಹೊಸಬರು ಅದೇ ವೇಗದಲ್ಲಿ ಹೋಗುತ್ತಾ ಕಾಯುತ್ತಾರೆ. ಹಾಗೆ ಮಾಡಬೇಡಿ. ಕಾಯುವಾಗಲೇ ಕಂಟ್ರೋಲರ್‌ಗೆ ಹೇಳಿ ವೇಗ ತಗ್ಗಿಸಿ. ಮೈಲಿ ನಿಧಾನವಾಗಿ ಕರಗುತ್ತದೆ. ಅನುಮತಿ ಸಿಕ್ಕ ಕೂಡಲೇ ಮೂಗು ಕೆಳಗೆ ಮಾಡಿ ವೇಗ ಏರಲು ಬಿಡಿ, ಸ್ಪೀಡ್‌ಬ್ರೇಕ್ (ಗಾಳಿಗೆ ಅಡ್ಡವಾಗಿ ರೆಕ್ಕೆಯ ಮೇಲೆ ಏಳುವ ಹಲಗೆಗಳು) ಎಳೆಯಿರಿ. ವೇಗ ಹೆಚ್ಚಿದ್ದಾಗ ಗಾಳಿಯ ತಡೆ ಹೆಚ್ಚು, ಸ್ಪೀಡ್‌ಬ್ರೇಕ್ ಕೂಡ ಆಗಲೇ ಚೆನ್ನಾಗಿ ಕೆಲಸ ಮಾಡುತ್ತದೆ. 220 ನಾಟ್‌ನಲ್ಲಿ ಎಳೆದರೆ ಸದ್ದು ಜಾಸ್ತಿ, ಉಪಯೋಗ ಕಡಿಮೆ.

4. ಇಳಿಯುವಾಗ ಯಾವ ಮೋಡ್‌ನಲ್ಲಿದ್ದೀರಿ?

ಆಟೋಪೈಲಟ್ ಮೂರು ರೀತಿಯಲ್ಲಿ ಇಳಿಸಬಲ್ಲದು. ಕಂಪ್ಯೂಟರ್ ಹಾಕಿಕೊಟ್ಟ ಇಳಿಜಾರಿನ ಮೇಲೆ. ಅಥವಾ ಐಡಲ್ ಥ್ರಸ್ಟ್‌ನಲ್ಲಿ, ವೇಗವನ್ನು ಮೂಗಿನಿಂದ ಕಾಯ್ದುಕೊಂಡು. ಅಥವಾ ನೀವು ಹೇಳಿದ ದರದಲ್ಲಿ, ನಿಮಿಷಕ್ಕೆ ಇಷ್ಟು ಅಡಿ ಎಂದು. ಯಾವುದೇ ಇರಲಿ, ಗುಂಡಿ ಒತ್ತಿದ ಮೇಲೆ ಕಣ್ಣು ಹೋಗಬೇಕಾದದ್ದು ಗುಂಡಿಯ ಮೇಲಲ್ಲ, ಎದುರಿನ ಪರದೆಯ ಮೇಲೆ. ನಿಜವಾಗಿ ಯಾವ ಮೋಡ್ ಹತ್ತಿದೆ ಎಂದು ಹೇಳುವುದು ಅದು ಮಾತ್ರ.

1992ರ ಜನವರಿ 20ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ಗೆ ಇಳಿಯುತ್ತಿದ್ದ ಏರ್ ಇಂಟರ್ ಕಂಪನಿಯ ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಪೈಲಟ್‌ಗಳಿಗೆ ಬೇಕಿದ್ದದ್ದು 3.3 ಡಿಗ್ರಿ ಇಳಿಜಾರು, ಅಂದರೆ ನಿಮಿಷಕ್ಕೆ 800 ಅಡಿಯ ಆಸುಪಾಸು. ವಿಮಾನ ಇಳಿದದ್ದು ನಿಮಿಷಕ್ಕೆ ಸುಮಾರು 3,300 ಅಡಿಯಂತೆ. ಡಿಗ್ರಿ ಮೋಡ್ ಬದಲು ದರದ ಮೋಡ್ ಇದ್ದಿರಬಹುದು ಎಂಬುದು ತನಿಖೆಯವರು ಮುಂದಿಟ್ಟ ಪ್ರಮುಖ ವಿವರಣೆ. ಆಗಿನ ಫಲಕದಲ್ಲಿ ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತಿತ್ತು: ಒಂದರಲ್ಲಿ 3.3, ಇನ್ನೊಂದರಲ್ಲಿ 33. ಆಮೇಲೆ ದರವನ್ನು ನಾಲ್ಕು ಅಂಕಿಯಲ್ಲಿ ತೋರಿಸುವಂತೆ ಬದಲಾಯಿಸಿದರು.

ಹೊಸ ಎತ್ತರ ತಲುಪುವ ಕೊನೆಯ 1,000 ಅಡಿಯಲ್ಲಿ ದರವನ್ನು ನಿಮಿಷಕ್ಕೆ 1,500 ಅಡಿಗಿಂತ ಕಡಿಮೆ ಮಾಡಿ. ನೀವು ಜೋರಾಗಿ ಇಳಿದು ಬಂದರೆ, ಕೆಳಗೆ ಸಾವಿರ ಅಡಿ ದೂರದಲ್ಲಿರುವ ಇನ್ನೊಂದು ವಿಮಾನದ ಟಿಕಾಸ್ ಯಂತ್ರಕ್ಕೆ (ಡಿಕ್ಕಿ ತಪ್ಪಿಸಲು ಎಚ್ಚರಿಸುವ ಯಂತ್ರ) ನೀವು ನಿಲ್ಲುತ್ತೀರಿ ಎಂದು ಗೊತ್ತಾಗುವುದಿಲ್ಲ. ಅದು ಡಿಕ್ಕಿ ಆಗುತ್ತದೆ ಎಂದು ಕೂಗಿಕೊಳ್ಳುತ್ತದೆ.

5. 'ಆ ಜಾಗದಲ್ಲಿ ಇಷ್ಟು ಎತ್ತರ'

ಕಂಟ್ರೋಲರ್ ಒಂದು ಬಿಂದು ಹೆಸರಿಸಿ, ಅಲ್ಲಿ 15,000 ಅಡಿ ಅಥವಾ ಕೆಳಗೆ ಇರಬೇಕು ಅನ್ನುತ್ತಾರೆ. ನೀವು 24,000ದಲ್ಲಿದ್ದೀರಿ, ಬಿಂದುವಿಗೆ 40 ಮೈಲಿ ಇದೆ. 9,000 ಅಡಿ ಇಳಿಯಲು 27 ಮೈಲಿ ಸಾಕು. ಆಗುತ್ತದೆ. ಅಲ್ಲಿಗೆ 250 ನಾಟ್ ಆಗಿರಬೇಕು ಅಂತಲೂ ಸೇರಿಸಿದರೆ? ಇನ್ನೊಂದು 4 ಮೈಲಿ, ಒಟ್ಟು 31. ಆಗಲೂ ಆಗುತ್ತದೆ, ಆದರೆ ಸುಮ್ಮನೆ ಕೂರುವಷ್ಟು ಜಾಗ ಇಲ್ಲ.

ಆಗದಿದ್ದರೆ 'ಅನೇಬಲ್' (ಆಗುವುದಿಲ್ಲ) ಎಂದು ತಕ್ಷಣ ಹೇಳಿ. ಆ ಮಾತಿನಲ್ಲಿ ಅವಮಾನ ಏನೂ ಇಲ್ಲ. 40 ಮೈಲಿ ಇರುವಾಗ ಹೇಳಿದರೆ ಕಂಟ್ರೋಲರ್‌ಗೆ ಬೇರೆ ದಾರಿ ಹುಡುಕಲು ಸಮಯ ಇರುತ್ತದೆ. 5 ಮೈಲಿ ಇರುವಾಗ ಹೇಳಿದರೆ ಅವರಿಗೂ ದಾರಿ ಇಲ್ಲ, ನಿಮಗೂ ಇಲ್ಲ.

6. ಒತ್ತಡದ ಅಂಕಿ

ಮೇಲೆ ಹಾರುವಾಗ ಎಲ್ಲರೂ ಎತ್ತರಮಾಪಕಕ್ಕೆ ಒಂದೇ ಅಂಕಿ ಕೊಟ್ಟಿರುತ್ತಾರೆ: 1013.25 ಹೆಕ್ಟೋಪ್ಯಾಸ್ಕಲ್. ಟ್ರಾನ್ಸಿಷನ್ ಲೆವೆಲ್ (ಈ ಅಂಕಿ ಬದಲಾಯಿಸುವ ಎತ್ತರ) ದಾಟಿ ಕೆಳಗೆ ಬರುವಾಗ ಆ ಊರಿನ ಕ್ಯೂಎನ್‌ಎಚ್, ಅಂದರೆ ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿದ ಅಲ್ಲಿನ ಗಾಳಿಯ ಒತ್ತಡ ಹಾಕಬೇಕು. ಅಮೆರಿಕದಲ್ಲಿ ಈ ಬದಲಾವಣೆ 18,000 ಅಡಿಯಲ್ಲಿ. ಬೇರೆ ಕಡೆ ಇನ್ನೂ ಕೆಳಗೆ ಇರುವುದೇ ಜಾಸ್ತಿ. ಚಾರ್ಟ್ ನೋಡಿಕೊಳ್ಳಿ.

ಒಂದು ಹೆಕ್ಟೋಪ್ಯಾಸ್ಕಲ್ ತಪ್ಪಿದರೆ ಎತ್ತರ ಸುಮಾರು 28 ಅಡಿ ತಪ್ಪುತ್ತದೆ. ನಿಜವಾದ ಒತ್ತಡ 998 ಇದ್ದು ನೀವು 1013ರಲ್ಲೇ ಬಿಟ್ಟಿದ್ದರೆ, ಮಾಪಕ ತೋರಿಸುವುದಕ್ಕಿಂತ ನೀವು 400 ಅಡಿಯಷ್ಟು ಕೆಳಗಿರುತ್ತೀರಿ. ಇನ್ನೊಂದು ಜಾಣ ಮೋಸ ಇದೆ. ಕಂಟ್ರೋಲರ್ 'ನೈನ್ ನೈನ್ ಟೂ' ಅನ್ನುತ್ತಾರೆ. ಪಾದರಸದ ಇಂಚಿನ ಲೆಕ್ಕಕ್ಕೆ ಒಗ್ಗಿದ ಪೈಲಟ್ ಕಿವಿಗೆ ಅದು 29.92 ಅನ್ನಿಸಿಬಿಡುತ್ತದೆ. ಅದು 1013ಕ್ಕೆ ಸಮ. ವ್ಯತ್ಯಾಸ 21 ಹೆಕ್ಟೋಪ್ಯಾಸ್ಕಲ್, ಅಂದರೆ ಹತ್ತಿರ ಹತ್ತಿರ 600 ಅಡಿ.

ತಪ್ಪು ಯಾವಾಗಲೂ ಕಾಕ್‌ಪಿಟ್‌ನಲ್ಲೇ ಆಗಬೇಕಿಲ್ಲ. 2022ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಶಾರ್ಲ್ ಡಿ ಗಾಲ್‌ನಲ್ಲಿ ಕಂಟ್ರೋಲರ್ 1001 ಅನ್ನುವ ಬದಲು 1011 ಅಂದರು. ಪೈಲಟ್‌ಗಳು ಅದನ್ನೇ ಸರಿಯಾಗಿ ತಿರುಗಿ ಹೇಳಿದರು, ಅದನ್ನೇ ಹಾಕಿಕೊಂಡರು. ಅವರು ಬರುತ್ತಿದ್ದದ್ದು ಐಎಲ್‌ಎಸ್ (ರನ್‌ವೇ ಹತ್ತಿರದಿಂದ ದಾರಿ ತೋರಿಸುವ ರೇಡಿಯೊ ಸಂಕೇತ) ಮೇಲಲ್ಲ, ಒತ್ತಡವನ್ನು ನಂಬಿ ಇಳಿಜಾರು ಹಾಕುವ ಉಪಗ್ರಹ ಅಪ್ರೋಚ್ ಮೇಲೆ. ಪರದೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ರನ್‌ವೇಗೆ ಸುಮಾರು ಒಂದು ಮೈಲಿ ಇರುವಾಗ ವಿಮಾನ ನೆಲದಿಂದ 6 ಅಡಿಯಷ್ಟೇ ಮೇಲಿತ್ತು. ಅವರು ಗೋ-ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮೇಲೇರಿದರು, ಎಲ್ಲರೂ ಉಳಿದರು. ರೀಡ್‌ಬ್ಯಾಕ್‌ನಿಂದ (ತಿರುಗಿ ಹೇಳುವುದರಿಂದ) ಹಿಡಿಯಲಾಗದ ತಪ್ಪು ಇದು. ಕಂಟ್ರೋಲರ್ ಹೇಳಿದ ಒತ್ತಡವನ್ನು ಎಟಿಸ್ ಅಂಕಿಯ ಜೊತೆ ಹೋಲಿಸಿ ನೋಡಿ ಅನ್ನುವುದು ಇದಕ್ಕೇ.

7. ರೇಡಿಯೊದಲ್ಲಿ ಕಿವಿ, ಬಾಯಿ

ಎತ್ತರ, ಹೆಡಿಂಗ್ (ಮೂಗು ಇರಬೇಕಾದ ದಿಕ್ಕು, ಡಿಗ್ರಿಯಲ್ಲಿ), ವೇಗ, ಒತ್ತಡ, ರನ್‌ವೇ. ಈ ಐದು ಬಂದಾಗ ಅಂಕಿ ಸಮೇತ ತಿರುಗಿ ಹೇಳಲೇಬೇಕು. 'ರೋಜರ್' ಅಂದರೆ ಸಾಲದು. ಒಬ್ಬರು ಹೊಸ ಎತ್ತರವನ್ನು ಫಲಕದಲ್ಲಿ ಹಾಕಬೇಕು, ಇನ್ನೊಬ್ಬರು ಬೆರಳು ತೋರಿಸಿ ಓದಬೇಕು. ಇಬ್ಬರಿಗೂ ಬೇರೆ ಬೇರೆ ಕೇಳಿಸಿದ್ದರೆ 'ಬಹುಶಃ 6,000 ಅಂದರು' ಎಂದು ರಾಜಿ ಮಾಡಿಕೊಳ್ಳಬೇಡಿ. ಕೇಳಿಬಿಡಿ.

1989ರ ಫೆಬ್ರವರಿ 19ರಂದು ಕೌಲಾಲಂಪುರ ಹತ್ತಿರ ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ಸಾಗಣೆಯ 747 ಇಳಿಯುತ್ತಿತ್ತು. ಕಂಟ್ರೋಲರ್ ಹೇಳಿದ್ದು 'ಡಿಸೆಂಡ್ ಟೂ ಫೋರ್ ಝೀರೋ ಝೀರೋ', ಅಂದರೆ 2,400 ಅಡಿಗೆ ಇಳಿಯಿರಿ ಎಂದು. ಮೊದಲ ಅಂಕಿ ಕಾಕ್‌ಪಿಟ್‌ನಲ್ಲಿ ಅಂಕಿಯಾಗಿ ಕೇಳಿಸಲೇ ಇಲ್ಲ, '400ಕ್ಕೆ' ಎಂದು ಕೇಳಿಸಿತು. 'ಓಕೆ, ಫೋರ್ ಝೀರೋ ಝೀರೋ' ಎಂದು ಉತ್ತರ ಹೋಯಿತು. ಆ ತಪ್ಪನ್ನು ಕಂಟ್ರೋಲರ್ ಹಿಡಿಯಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ವರೂ ಸತ್ತರು. ನೆಲ ಹತ್ತಿರ ಬರುತ್ತಿದೆ ಎಂದು ಯಂತ್ರ ಎಚ್ಚರಿಸುತ್ತಲೇ ಇತ್ತು. ಬರೀ ಅಂಕಿ ಹೇಳಬೇಡಿ, 'ಆಲ್ಟಿಟ್ಯೂಡ್ ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್' ಎಂದು ಪೂರ್ತಿ ಹೇಳಿ. ಮತ್ತೆ, ಕೊಟ್ಟ ಎತ್ತರ ಚಾರ್ಟ್‌ನಲ್ಲಿರುವ ಸುರಕ್ಷಿತ ಎತ್ತರಕ್ಕಿಂತ ಕಡಿಮೆ ಅನ್ನಿಸಿದರೆ, ಯಾರೇ ಹೇಳಿರಲಿ, ಪ್ರಶ್ನೆ ಮಾಡಿ.

ಇಂಧನದ ವಿಷಯದಲ್ಲೂ ಹೀಗೇ. ಸುತ್ತು ಹಾಕಿಸಿ ಕಾಯಿಸುತ್ತಿದ್ದಾರೆ, ಇನ್ನು ತಡವಾದರೆ ಕೊನೆಯ ಮೀಸಲು ಇಂಧನಕ್ಕೆ ಕೈಹಾಕಬೇಕಾಗುತ್ತದೆ ಅಂದಾಗ 'ಮಿನಿಮಮ್ ಫ್ಯೂಯೆಲ್' ಅನ್ನಬೇಕು. ಆ ಮೀಸಲಿಗೆ ಕೈಹಾಕಿಯೇ ಇಳಿಯಬೇಕು ಅಂತಾದಾಗ 'ಮೇಡೇ ಮೇಡೇ ಮೇಡೇ ಫ್ಯೂಯೆಲ್'. 1990ರ ಜನವರಿ 25ರಂದು ನ್ಯೂಯಾರ್ಕ್‌ಗೆ ಬರುತ್ತಿದ್ದ ಏವಿಯಾಂಕಾ 52 ಒಂದು ಗಂಟೆಗೂ ಜಾಸ್ತಿ ಹೊತ್ತು ಸುತ್ತು ಹಾಕಿ ಕಾದಿತ್ತು. ಪೈಲಟ್‌ಗಳು ಆದ್ಯತೆ ಕೇಳಿದರು, ಇಂಧನ ಮುಗಿಯುತ್ತಿದೆ ಅಂತಲೂ ಹೇಳಿದರು. ತುರ್ತು ಪರಿಸ್ಥಿತಿ ಎಂದು ಮಾತ್ರ ಘೋಷಿಸಲಿಲ್ಲ. ಕಂಟ್ರೋಲರ್‌ಗಳಿಗೆ ವಿಷಯ ಅಷ್ಟು ಗಂಭೀರ ಅನ್ನಿಸಲೇ ಇಲ್ಲ. ಎಂಜಿನ್‌ಗಳು ನಿಂತು ವಿಮಾನ ಬಿತ್ತು, 73 ಜನ ಸತ್ತರು. ಸಂಕೋಚದಿಂದ ಸುತ್ತಿ ಬಳಸಿ ಹೇಳುವ ಅಭ್ಯಾಸ ರೇಡಿಯೊದಲ್ಲಿ ಬೇಡ.

8. ರಾಡಾರ್ ವೆಕ್ಟರ್: ಮೈಲಿ ಕೈ ತಪ್ಪುವ ಜಾಗ

ಎಲ್ಲಕ್ಕಿಂತ ಹೆಚ್ಚು ಗಮನ ಇಲ್ಲಿ ಬೇಕು. ಅಪ್ರೋಚ್ ಕಂಟ್ರೋಲರ್ ನಿಮ್ಮನ್ನು ಚಾರ್ಟ್ ದಾರಿಯಿಂದ ಬಿಡಿಸಿ 'ಹೆಡಿಂಗ್ 270' ಅನ್ನುತ್ತಾರೆ. ರಾಡಾರ್ ನೋಡಿ ಹೀಗೆ ದಿಕ್ಕು ಕೊಡುವುದೇ ವೆಕ್ಟರ್. ಈಗ ಕಂಪ್ಯೂಟರ್ ತೋರಿಸುವ ಮೈಲಿ ಸುಳ್ಳು. ಉಳಿದ ಮೈಲಿ ಎಷ್ಟು ಎಂದು ಕೇಳುವುದು ನಿಮ್ಮ ಹಕ್ಕು: 'ರಿಕ್ವೆಸ್ಟ್ ಟ್ರ್ಯಾಕ್ ಮೈಲ್ಸ್'. ಒಳ್ಳೆಯ ಕಂಟ್ರೋಲರ್ ಕೇಳುವ ಮುಂಚೆಯೇ ಹೇಳುತ್ತಾರೆ.

ಹೇಳದಿದ್ದರೆ ಅಂದಾಜು ಮಾಡಿ. ನೀವು ರನ್‌ವೇಗೆ ಸಮಾನಾಂತರವಾಗಿ, ಎದುರು ದಿಕ್ಕಿನಲ್ಲಿ, 5 ಮೈಲಿ ಪಕ್ಕಕ್ಕೆ ಹೋಗುತ್ತಿದ್ದೀರಿ. ಇದು ಡೌನ್‌ವಿಂಡ್. ರನ್‌ವೇ ತುದಿ ಈಗ ನಿಮ್ಮ ಪಕ್ಕದಲ್ಲೇ ಇದೆ. 12 ಮೈಲಿ ಮುಂದೆ ಹೋದ ಮೇಲೆ ತಿರುಗಿಸುತ್ತಾರೆ ಎಂದುಕೊಳ್ಳಿ. ಹೋಗಲು 12, ಅಡ್ಡ 5, ವಾಪಸ್ 12. ಒಟ್ಟು 29. ಈ ಜಾಗದಲ್ಲಿ 8,500 ಅಡಿ ಇದ್ದರೆ ಚೆನ್ನಾಗಿದೆ.

ಈಗ ಮುಂದಿದ್ದ ವಿಮಾನ ಬೇರೆಲ್ಲೋ ಹೋಯಿತು, ಜಾಗ ಖಾಲಿಯಾಯಿತು. 'ಟರ್ನ್ ಲೆಫ್ಟ್' ಎಂದು 7 ಮೈಲಿಗೇ ತಿರುಗಿಸಿದರು. ಲೆಕ್ಕ 7, 5, 7. ಒಟ್ಟು 19. ಅವರು ಕೊಟ್ಟದ್ದು ಉಪಕಾರವೇ, ಸಮಯ ಉಳಿಯಿತು. ಆದರೆ ಒಂದೇ ಮಾತಿನಲ್ಲಿ ನೀವು 3,000 ಅಡಿ ಮೇಲಾದಿರಿ! ವಿಮಾನದಲ್ಲಿ ಏನೂ ಬದಲಾಗಿಲ್ಲ, ಮೈಲಿ ಮಾತ್ರ ಕಡಿಮೆಯಾಯಿತು.

ಶಾರ್ಟ್‌ಕಟ್ ಬರಬಹುದು ಅನ್ನಿಸಿದರೆ ಡೌನ್‌ವಿಂಡ್‌ನಲ್ಲೇ ವೇಗ ತಗ್ಗಿಸಿಟ್ಟುಕೊಳ್ಳಿ. ಎತ್ತರ, ವೇಗ ಎರಡೂ ಜಾಸ್ತಿ ಇದ್ದಾಗ ಎರಡನ್ನೂ ಒಟ್ಟಿಗೆ ಕಳೆಯಲು ಜೆಟ್ ಒಪ್ಪುವುದಿಲ್ಲ. ರೆಕ್ಕೆ ಅಷ್ಟು ನುಣುಪು. ಮಟ್ಟವಾಗಿ ಹಾರಿದರೆ ಮೈಲಿಗೆ 10 ನಾಟ್ ಕಳೆಯಬಹುದು. 3 ಡಿಗ್ರಿ ಇಳಿಜಾರಿನಲ್ಲಿ ಫ್ಲ್ಯಾಪ್, ಗೇರ್ (ಚಕ್ರಗಳು) ಇಲ್ಲದೆ ವೇಗ ಕಳೆಯುವುದೇ ಕಷ್ಟ.

ಮೇಲಾಗಿಬಿಟ್ಟಿದ್ದರೆ ಗೇರ್ ಇಳಿಸಿ. ಮಿತಿಯ ವೇಗದೊಳಗೆ ಇರಬೇಕು ಅಷ್ಟೆ. ಚಕ್ರಗಳು ಕೊಡುವಷ್ಟು ತಡೆ ಮೊದಲ ಹಂತದ ಫ್ಲ್ಯಾಪ್ ಕೊಡುವುದಿಲ್ಲ. 'ಇಷ್ಟು ಬೇಗ ಗೇರ್ ಇಳಿಸಿದರೆ ಏನಂದುಕೊಳ್ಳುತ್ತಾರೋ' ಎಂಬ ನಾಚಿಕೆಗೆ ಎಷ್ಟೋ ಅಪ್ರೋಚ್ ಕೆಟ್ಟಿವೆ. ಅದೂ ಸಾಲದಿದ್ದರೆ ಇನ್ನಷ್ಟು ಮೈಲಿ ಕೇಳಿ. ಹತ್ತು ಮೈಲಿ ಜಾಸ್ತಿ ಹಾರಿದರೆ ಹೋಗುವುದು ಮೂರು ನಿಮಿಷ.

ಅಲ್ಲಲ್ಲಿ ಈ ಗುರುತುಗಳನ್ನು ನೋಡಿಕೊಳ್ಳಿ. 30 ಮೈಲಿ ಇರುವಾಗ 9,000 ಅಡಿ, 250 ನಾಟ್. 10 ಮೈಲಿಗೆ 3,000 ಅಡಿ, 180ರಿಂದ 190 ನಾಟ್. ನಡುವೆ ಎಲ್ಲೇ ಆದರೂ ಉಳಿದ ಮೈಲಿಯನ್ನು 300ರಿಂದ ಗುಣಿಸಿ. ಬಂದ ಅಂಕಿಗಿಂತ ಮೇಲಿದ್ದೀರಾ, ಕೆಳಗಿದ್ದೀರಾ ಎಂದು ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

9. ವೇಗ ಯಾಕೆ ಹೇಳುತ್ತಾರೆ?

'160 ನಾಟ್ಸ್ ಅಂಟಿಲ್ ಫೋರ್ ಮೈಲ್ಸ್' (ರನ್‌ವೇಗೆ 4 ಮೈಲಿ ಉಳಿಯುವವರೆಗೆ 160 ನಾಟ್) ಎಂಬ ಮಾತು ಗಿಜಿಗುಡುವ ನಿಲ್ದಾಣಗಳಲ್ಲಿ ದಿನವಿಡೀ ಕೇಳುತ್ತದೆ. ಕಂಟ್ರೋಲರ್ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಕನಿಷ್ಠ 3 ಮೈಲಿ ಕಾಯಬೇಕು. ಮುಂದಿರುವುದು 777ರಂಥ ಹೆವಿ, ಹಿಂದಿರುವುದು ಎ320ಯಂಥ ಮೀಡಿಯಂ ಆದರೆ 5 ಮೈಲಿ ಬೇಕು. ದೊಡ್ಡದರ ರೆಕ್ಕೆತುದಿಯಿಂದ ಹೊರಡುವ ಗಾಳಿಸುಳಿ ಚಿಕ್ಕದನ್ನು ಪಕ್ಕಕ್ಕೆ ಹೊರಳಿಸಬಲ್ಲದು. ಮುಂದಿನ ವಿಮಾನ ಮೊದಲು ವೇಗ ತಗ್ಗಿಸುತ್ತದೆ, ಹಿಂದಿನದು ಇನ್ನೂ ವೇಗದಲ್ಲಿರುತ್ತದೆ. ಟೋಲ್ ಗೇಟ್ ಹತ್ತಿರ ವಾಹನಗಳು ಒತ್ತಿಕೊಂಡ ಹಾಗೆ ಅಂತರ ಕುಗ್ಗುತ್ತದೆ. ಎಲ್ಲರೂ ಒಂದೇ ಜಾಗದವರೆಗೆ ಒಂದೇ ವೇಗ ಇಟ್ಟುಕೊಂಡರೆ ಎಷ್ಟು ಕುಗ್ಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು.

ಪೈಲಟ್ ಕಡೆಯಿಂದ ನೋಡಿ. 4 ಮೈಲಿ ಅಂದರೆ ನೆಲದಿಂದ ಸುಮಾರು 1,300 ಅಡಿ. 1,000 ಅಡಿಗೆ ಎಲ್ಲ ಸ್ಥಿರವಾಗಿರಬೇಕು. ಅಂದರೆ 160ರಿಂದ 135-140ಕ್ಕೆ ಬರಲು ಸಿಗುವುದು ಒಂದೇ ಮೈಲಿ. ಬೆನ್ನ ಹಿಂದೆ ಗಾಳಿ ಇದ್ದರೆ, ಅಥವಾ ನಿಮ್ಮ ವಿಮಾನ ಹಗುರವಾಗಿದ್ದು ಲ್ಯಾಂಡಿಂಗ್ ವೇಗ ಇನ್ನೂ ಕಡಿಮೆ ಇದ್ದರೆ ಇದು ಆಗದ ಮಾತು. 10 ಮೈಲಿ ಇರುವಾಗಲೇ '160 ಅನ್ನು 5 ಮೈಲಿವರೆಗೆ ಮಾತ್ರ ಇಡಬಲ್ಲೆವು' ಎಂದು ಹೇಳಿ. ಒಪ್ಪಿಕೊಂಡು ಆಮೇಲೆ ಹೇಳದೆ ಕೇಳದೆ ವೇಗ ತಗ್ಗಿಸುವುದು ಮಾತ್ರ ಬೇಡ. ಹಿಂದಿರುವವರಿಗೆ ತೊಂದರೆಯಾಗುವುದು ಆಗ.

10. 'ಕ್ಲಿಯರ್ಡ್ ಅಪ್ರೋಚ್' ಅಂದಾಕ್ಷಣ ಇಳಿಯಬೇಡಿ

1974ರ ಡಿಸೆಂಬರ್ 1. ವಾಷಿಂಗ್ಟನ್ನಿನ ಡಲ್ಲೆಸ್‌ಗೆ ಬರುತ್ತಿದ್ದ ಟಿಡಬ್ಲ್ಯೂಎ 514ಕ್ಕೆ ಇನ್ನೂ 44 ಮೈಲಿ ಇರುವಾಗಲೇ ಅಪ್ರೋಚ್‌ಗೆ ಅನುಮತಿ ಸಿಕ್ಕಿತು. ಇನ್ನು ಎತ್ತರದ ಕಟ್ಟುಪಾಡಿಲ್ಲ ಎಂದು ಪೈಲಟ್‌ಗಳು ತಿಳಿದರು. ಕೊನೆಯ ಹಂತದ 1,800 ಅಡಿಗೆ ಇಳಿಯಲು ಹೊರಟರು. ನಡುವೆ ಬೆಟ್ಟ ಇತ್ತು. 92 ಜನ ಸತ್ತರು. ಅಂಥ ಅನುಮತಿಯ ಅರ್ಥ ಏನು ಎಂಬ ಬಗ್ಗೆ ಪೈಲಟ್‌ಗಳ, ಕಂಟ್ರೋಲರ್‌ಗಳ ತಿಳಿವಳಿಕೆಯೇ ಬೇರೆ ಬೇರೆ ಇತ್ತು ಎಂಬುದು ತನಿಖೆಯಲ್ಲಿ ಬಂತು. ಆಮೇಲೆ ಅಮೆರಿಕದ ನಿಯಮ ಬಿಗಿಯಾಯಿತು, ನೆಲದ ಎಚ್ಚರಿಕೆ ಯಂತ್ರವೂ ಕಡ್ಡಾಯವಾಯಿತು.

ಕ್ರಮ ಇಷ್ಟೆ. ಅನುಮತಿ ಸಿಕ್ಕರೂ ಕೊನೆಗೆ ಹೇಳಿದ ಎತ್ತರದಲ್ಲೇ ಇರಿ. ಲೋಕಲೈಜರ್ ಮೇಲೆ, ಅಂದರೆ ರನ್‌ವೇಯ ನೇರ ಗೆರೆಯ ಮೇಲೆ, ಕೂತಿದ್ದೀರಿ ಎಂದು ಖಚಿತವಾಗಲಿ. ಆಮೇಲೆ ಗ್ಲೈಡ್‌ಸ್ಲೋಪ್, ಅಂದರೆ ಇಳಿಜಾರು ತೋರಿಸುವ ರೇಡಿಯೊ ಸಂಕೇತ, ಹಿಡಿದು ಇಳಿಯಿರಿ. ಗ್ಲೈಡ್‌ಸ್ಲೋಪ್ ಅನ್ನು ಕೆಳಗಿನಿಂದ ಹಿಡಿಯಿರಿ. ಮೇಲೆ 9 ಡಿಗ್ರಿಯ ಹತ್ತಿರ ಸುಳ್ಳು ಸಂಕೇತಗಳೂ ಇರುತ್ತವೆ. ಹಿಡಿದ ಮೇಲೂ ಒಮ್ಮೆ ಮೈಲಿ-ಎತ್ತರ ತಾಳೆ ನೋಡಿ. 6 ಮೈಲಿಗೆ ಸುಮಾರು 1,900 ಅಡಿ ಇರಬೇಕು. 4,000 ಇದ್ದರೆ ಸೂಜಿ ಮಧ್ಯದಲ್ಲಿದ್ದರೂ ನಂಬಬೇಡಿ.

11. 1,000 ಅಡಿಯ ಪರೀಕ್ಷೆ

ಮೋಡದಲ್ಲಿದ್ದರೆ ನೆಲದಿಂದ 1,000 ಅಡಿಗೆ, ಹೊರಗೆ ಚೆನ್ನಾಗಿ ಕಾಣುತ್ತಿದ್ದರೆ 500 ಅಡಿಗೆ ಇವೆಲ್ಲ ಆಗಿರಬೇಕು: ಗೇರ್, ಫ್ಲ್ಯಾಪ್ ಲ್ಯಾಂಡಿಂಗ್ ಸ್ಥಿತಿಯಲ್ಲಿ, ವೇಗ ಗುರಿಯ ಹತ್ತಿರ, ಇಳಿಯುವ ದರ ನಿಮಿಷಕ್ಕೆ 1,000 ಅಡಿ ಮೀರದೆ, ಥ್ರಸ್ಟ್ ಐಡಲ್‌ನಲ್ಲಿ ಅಲ್ಲದೆ ಅಪ್ರೋಚ್‌ಗೆ ಬೇಕಾದಷ್ಟು, ಚೆಕ್‌ಲಿಸ್ಟ್ ಪೂರ್ತಿ. ಮೋಡ ಇರಲಿ ಬಿಡಲಿ, 1,000 ಅಡಿಯೇ ಬೇಕು ಅನ್ನುವ ಕಂಪನಿಗಳೂ ಇವೆ. ನನ್ನ ಮಟ್ಟಿಗೆ ಅದೇ ಒಳ್ಳೆಯದು.

ಒಂದು ಇಲ್ಲದಿದ್ದರೂ ಗೋ-ಅರೌಂಡ್. ಓದಲು ಸುಲಭ, ಮಾಡಲು ಕಷ್ಟ. ಸ್ಥಿರವಲ್ಲದ ಅಪ್ರೋಚ್‌ಗಳಲ್ಲಿ ಗೋ-ಅರೌಂಡ್ ಆಗುವುದು ಶೇಕಡ 3 ಮಾತ್ರ ಎಂದು ಫ್ಲೈಟ್ ಸೇಫ್ಟಿ ಫೌಂಡೇಶನ್ ಹೇಳಿದೆ. ಉಳಿದವರು 'ಇನ್ನೇನು ಸರಿಹೋಗುತ್ತದೆ' ಎಂದು ಇಳಿಸಿಬಿಡುತ್ತಾರೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಅದರಿಂದಲೇ ಅಭ್ಯಾಸ ಬಲಿಯುತ್ತದೆ.

ಗೋ-ಅರೌಂಡ್ ಅಂದಾಗ ಮೊದಲು ಥ್ರಸ್ಟ್, ಮೂಗು ಮೇಲೆ, ಫ್ಲ್ಯಾಪ್ ಒಂದು ಹಂತ ಒಳಗೆ, ಏರುತ್ತಿರುವುದು ಖಚಿತವಾದ ಮೇಲೆ ಗೇರ್ ಮೇಲೆ. ಮೇಲೇರುವ ದಾರಿ ಹಿಡಿಯಿರಿ. ಆಮೇಲೆ 'ಗೋಯಿಂಗ್ ಅರೌಂಡ್' ಎಂದು ಎರಡೇ ಪದ. ಕಾರಣ ಹೇಳಬೇಕಾಗಿಲ್ಲ. ಟವರ್‌ನವರು ಮುಂದಿನ ಹೆಡಿಂಗ್, ಎತ್ತರ ಕೊಡುತ್ತಾರೆ. ಕೆಲಸ ಮುಗಿದಿರದಿದ್ದರೆ 'ಸ್ಟ್ಯಾಂಡ್‌ಬೈ' ಅನ್ನಿ, ಕಾಯುತ್ತಾರೆ.

12. ಚಕ್ರ ಮುಟ್ಟಿದ ಮೇಲೆ

ನಿಮ್ಮ ಹಿಂದಿನ ವಿಮಾನ 3 ಮೈಲಿ ದೂರದಲ್ಲಿದ್ದರೆ ಅದು ರನ್‌ವೇಗೆ ಬರಲು 75-80 ಸೆಕೆಂಡ್ ಸಾಕು. ನೀವು ಹೊರಗೆ ಹೋಗದೆ ಅದಕ್ಕೆ ಸಾಮಾನ್ಯವಾಗಿ ಲ್ಯಾಂಡಿಂಗ್ ಅನುಮತಿ ಸಿಗುವುದಿಲ್ಲ, ಅವರೂ ಗೋ-ಅರೌಂಡ್ ಮಾಡಬೇಕಾಗುತ್ತದೆ. ಹಾಗಾಗಿ ಯಾವ ಟ್ಯಾಕ್ಸಿವೇಗೆ ತಿರುಗುತ್ತೀರಿ ಎಂದು ಬ್ರೀಫಿಂಗ್‌ನಲ್ಲೇ ತೀರ್ಮಾನಿಸಿ, ಬ್ರೇಕನ್ನು ಅದಕ್ಕೆ ತಕ್ಕಂತೆ ಇಡಿ. ತಿರುವು ತಪ್ಪಿದರೆ ಒತ್ತಾಯಕ್ಕೆ ತಿರುಗಿಸಬೇಡಿ, ಮುಂದಿನದಕ್ಕೆ ಹೋಗುತ್ತೇವೆ ಎಂದು ಟವರ್‌ಗೆ ಹೇಳಿ. ವಿಮಾನದ ಬಾಲ ಕೂಡ ಟ್ಯಾಕ್ಸಿವೇಯ ಕಾಯುವ ಗೆರೆ ದಾಟಿದ ಮೇಲಷ್ಟೇ 'ರನ್‌ವೇ ವೇಕೇಟೆಡ್' ಅನ್ನಬೇಕು. ಅವರು ಹೇಳಿದ ಮೇಲೆ ಗ್ರೌಂಡ್ ಫ್ರೀಕ್ವೆನ್ಸಿಗೆ ಬದಲಾಯಿಸಿ.